ಅರಕಲಗೂಡು ಸುತ್ತಿ ಬಂದ ಮಾತು

ನಿಸರ್ಗಳಿಗೆ ಒಂದೂವರೆ ವರ್ಷ ದಾಟಿ ತಿಂಗಳುಗಳೇ ಕಳೆದಿದ್ದವು, ಒಂದು ಮಾತೂ ಬಂದಿರಲಿಲ್ಲ. ಅಮ್ಮ ಅನ್ನುತ್ತಿರಲಿಲ್ಲ, ಅಪ್ಪ ಅನ್ನುತ್ತಿರಲಿಲ್ಲ, ಕಾಂಪೌಂಡಿನ ಮೇಲೆ ಕೂತ ಕಾಗೆ ತೋರಿಸಿದರೆ ಕಾ ಅಂತಲೂ ಅನ್ನುತ್ತಿರಲಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವಳು, ಬೇಡವಾದದ್ದನ್ನು ಅಂಗೈಯಲ್ಲಿ ತಳ್ಳುವಳು, ನಗು ಬಂದರೆ ಮನೆಯೆಲ್ಲ ಕೇಳುವ ಹಾಗೆ ನಗುವಳು. ಮಾತು ಮಾತ್ರ ಇಲ್ಲ. ಶರ್ವಾಣಿಗೆ ಹಾಲು ಕಾಯಿಸುವಾಗಲೂ ಅದೇ ಯೋಚನೆ, ಆಫೀಸಿನಲ್ಲಿ ಕೂತಾಗಲೂ ಅದೇ. ಎದುರುಮನೆಯ ಮಗು ನಿಸರ್ಗಳಿಗಿಂತ ಚಿಕ್ಕದು. ಅದು ಗೇಟು ಹಿಡಿದು ನಿಂತು "ಆಂತೀ" ಎಂದು ಕೂಗಿದರೆ ಅವಳು ಮುದ್ದು ಮಾಡುವುದಕ್ಕೆ ಮೊದಲು ತಿರುಗಿ ನಿಸರ್ಗಳ ಬಾಯಿ ನೋಡುವಳು.

ಹಾಗೆ ನೋಡಿದರೆ ಶರ್ವಾಣಿ ಮೊದಲಿನಿಂದಲೂ ದಿಗಿಲಿನ ಜೀವವೇ. ಮೈಸೂರಿನಲ್ಲಿ ಹುಟ್ಟಿ, ಕಾನ್ವೆಂಟಿನಲ್ಲಿ ಓದಿ, ಎಲೆಕ್ಟ್ರಾನಿಕ್ಸಿನಲ್ಲಿ ಇಂಜಿನಿಯರಾದವಳು. ಹೊಳೆನರಸೀಪುರದ ಹುಡುಗ ಕೇದಾರ್‌ನನ್ನು ಮದುವೆಯಾಗಿ, ಅವನು ಕಾಲೇಜು ಮೇಷ್ಟ್ರಾಗಿದ್ದ ಹಾಸನಕ್ಕೆ ಬಂದಳು. ಬೀಗ ಹಾಕಿದ ಮೇಲೆ ಒಂದು ಸಲ ಎಳೆದು ನೋಡುವಳು, ಮೆಟ್ಟಿಲಿಳಿದು ಮತ್ತೆ ಹತ್ತಿ ಎಳೆದು ನೋಡುವಳು. ಮಗು ಹುಟ್ಟಿದ ಮೇಲಂತೂ ಅವಳ ಕೈಚೀಲದಲ್ಲಿ ಬಾಚಣಿಗೆ ಇಲ್ಲದಿದ್ದರೂ ಥರ್ಮಾಮೀಟರ್ ಇರುತ್ತಿತ್ತು. ಹಗಲು ಹೊತ್ತು ಮಗುವನ್ನು ನೋಡಿಕೊಳ್ಳುತ್ತಿದ್ದ ಎದುರುಮನೆಯವರಿಗೆ ಅವಳ ಫೋನುಗಳಿಂದಾಗಿ ಮಧ್ಯಾಹ್ನದ ನಿದ್ದೆ ಅನ್ನುವುದೇ ಮರೆತುಹೋಗಿತ್ತು.

ಹಾಸನದ ಮಕ್ಕಳ ಡಾಕ್ಟರು ನಿಸರ್ಗಳ ಬೆನ್ನ ಹಿಂದೆ ನಿಂತು ಮೆಲ್ಲಗೆ ಗಂಟೆ ಆಡಿಸಿದ್ದರು. ಮಗು ತಟ್ಟನೆ ತಿರುಗಿತು. ಚೆಂಡು ಎತ್ತಿಕೊಡು ಎಂದರೆ ಎತ್ತಿಕೊಟ್ಟಿತು.

"ಕಿವಿ ಚೆನ್ನಾಗಿದೆ, ಹೇಳಿದ್ದು ತಿಳಿಯುತ್ತೆ," ಎಂದರು ಡಾಕ್ಟರು. "ನಿಮ್ಮ ಕಡೆ, ನಿಮ್ಮ ಯಜಮಾನರ ಕಡೆ ಯಾರಾದ್ರೂ ತಡವಾಗಿ ಮಾತಾಡಿದ್ದುಂಟಾ? ವಿಚಾರಿಸ್ಕೊಂಡು ಬನ್ನಿ. ಮನೆತನದಲ್ಲಿ ಹಾಗಿದ್ರೆ ಸ್ವಲ್ಪ ಕಾಯೋಣ. ಇಲ್ಲ ಅಂದ್ರೆ ಮೈಸೂರಿಗೆ ಬರೆದುಕೊಡ್ತೀನಿ, ದೊಡ್ಡ ಪರೀಕ್ಷೆ ಮಾಡಿಸಿಬಿಡಿ."

ದೊಡ್ಡ ಪರೀಕ್ಷೆ ಅನ್ನುವ ಮಾತು ಶರ್ವಾಣಿಯ ಎದೆಯಲ್ಲಿ ಕೂತುಬಿಟ್ಟಿತು. ಅವತ್ತೇ ಮೈಸೂರಿಗೆ ಫೋನ್ ಮಾಡಿ ತನ್ನ ಅಮ್ಮನನ್ನು ಕೇಳಿದಳು. "ನೀನಾ? ಹತ್ತು ತಿಂಗಳಿಗೇ ಹಾಲಿನವನ ಹತ್ರ ಜಗಳಕ್ಕೆ ನಿಂತಿದ್ದೆ," ಎಂದು ಅಮ್ಮ ನಕ್ಕರು. ಉಳಿದದ್ದು ಕೇದಾರ್‌ನ ಕಡೆ.

"ನಿಮ್ಮನೇಲಿ ಯಾರಾದ್ರೂ ಲೇಟಾಗಿ ಮಾತಾಡಿದ್ರಾ?"

"ಗೊತ್ತಿಲ್ಲ," ಎಂದ ಕೇದಾರ್. ಕ್ಲಾಸಿನಲ್ಲಿ ಬಿಟ್ಟರೆ ಮಿಕ್ಕ ಕಡೆ ಅವನ ಮಾತು ಅಷ್ಟರಲ್ಲೇ ಮುಗಿಯುತ್ತಿತ್ತು.

"ನಿಮ್ಮಮ್ಮನ್ನ ಕೇಳಿ."

"ನೀನೇ ಕೇಳು. ನಿಮ್ಮಿಬ್ಬರ ಮಧ್ಯೆ ನನ್ನ ನಿಲ್ಲಿಸಬೇಡ."

ಅವಳು ಕೇಳುವಂತಿರಲಿಲ್ಲ. ಅದಕ್ಕೆ ಕಾರಣ ಒಂದು ತುಂಡು ಬೇರು.

ಬಾಣಂತನ ಮುಗಿಸಿಕೊಂಡು ಮಗುವಿನೊಂದಿಗೆ ಮೊದಲ ಸಲ ಹೊಳೆನರಸೀಪುರದ ಅತ್ತೆಮನೆಗೆ ಹೋದಾಗಿನ ಮಾತು. ಕೇದಾರ್‌ನ ಅಣ್ಣ ಮುರಳೀಕೃಷ್ಣನ ಸಂಸಾರವೂ ಇದ್ದ ತುಂಬಿದ ಮನೆ ಅದು. ಒಂದು ಬೆಳಿಗ್ಗೆ ಅತ್ತೆ ಶ್ರೀರಂಗಮ್ಮ ಬಜೆಯ ಬೇರನ್ನು ಹರಳೆಣ್ಣೆ ದೀಪದಲ್ಲಿ ಸುಟ್ಟು, ಸಾಣೆಕಲ್ಲಿನ ಮೇಲೆ ತೇಯ್ದು, ಆ ಕಪ್ಪನ್ನು ಬೆರಳತುದಿಯಲ್ಲಿ ಮಗುವಿನ ನಾಲಿಗೆಗೆ ಹಚ್ಚುತ್ತಿದ್ದರು. ಬಜೆ ಹಾಕಿದರೆ ಮಾತು ಬೇಗ ಬರುತ್ತದೆ, ಸ್ಪಷ್ಟವಾಗಿ ಬರುತ್ತದೆ ಎಂದು ಆ ಮನೆಯಲ್ಲಿ ಹುಟ್ಟಿದವರಿಗೆಲ್ಲ ಹಾಕಿದ್ದರು. ಶರ್ವಾಣಿ ಓದಿದ್ದ ಪುಸ್ತಕದಲ್ಲಿ ಹಾಲು ಬಿಟ್ಟು ಇನ್ನೇನೂ ಕೂಡದು ಎಂದಿತ್ತು. ಓಡಿಬಂದವಳೇ ಮಗುವನ್ನು ಕಿತ್ತುಕೊಂಡಳು.

"ಏನಾದ್ರೂ ಆದ್ರೆ ಯಾರು ಹೊಣೆ ಅತ್ತೆ? ಕೇಳೋದು ಬೇಡ್ವಾ ನನ್ನ?"

ಶ್ರೀರಂಗಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡರು. "ಸರಿಯಮ್ಮ. ನಿನ್ನ ಮಗು. ಇನ್ನು ಇದರ ವಿಷಯಕ್ಕೆ ನಾನು ಬಾಯಿ ಹಾಕಲ್ಲ."

ಹೇಳಿದಂತೆ ನಡೆದುಕೊಂಡರು ಕೂಡ. ಹಾಗೆಂದು ಇಬ್ಬರೂ ಮಾತು ಬಿಟ್ಟಿರಲಿಲ್ಲ. ಹಬ್ಬಕ್ಕೆ ಹೋದರೆ "ಇನ್ನೊಂಚೂರು ಹುಳಿ ಹಾಕ್ಲಾ" ಅನ್ನುವರು, ಹೊರಡುವಾಗ ಹೂವು ಮುಡಿಸುವರು. ಮಗುವಿನ ವಿಷಯ ಮಾತ್ರ ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅತ್ತೆಗೆ ನೇರವಾಗಿ ಹೋಗುತ್ತಿರಲಿಲ್ಲ. ಅದು ಅರಕಲಗೂಡಿನ ಮೇಲೆ ಹೋಗುತ್ತಿತ್ತು. ಅಲ್ಲಿ ಕೇದಾರ್‌ನ ತಂಗಿ ಹಂಸ ಇದ್ದಳು. ಮಗುವಿಗೆ ಜ್ವರ ಬಿಟ್ಟಿತಾ ಎಂದು ಶ್ರೀರಂಗಮ್ಮ ಹಂಸಳನ್ನು ಕೇಳುವರು, ಹಂಸ ಶರ್ವಾಣಿಯನ್ನು ಕೇಳುವಳು, ಬಿಟ್ಟಿತು ಅನ್ನುವ ಉತ್ತರ ಬಂದ ದಾರಿಯಲ್ಲೇ ವಾಪಸು ಹೋಗುವುದು.

ತುಂಬಿದ ಮನೆಯ ಹಬ್ಬದ ಗದ್ದಲದಲ್ಲಿ ಮಗುವಿಗೆ ಮಾತು ಬಾರದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಅದನ್ನು ಮಾತ್ರ ಅತ್ತೆಗೆ ಹೇಳಕೂಡದೆಂದು ಶರ್ವಾಣಿ ಹಂಸಳಿಂದ ಆಣೆ ಮಾಡಿಸಿಕೊಂಡಿದ್ದಳು. ಬಜೆ ತಪ್ಪಿಸಿದ್ದಕ್ಕೇ ಹೀಗಾಯಿತು ಎಂದು ಅವರು ಅಂದರೆ? ಹಾಗೆಲ್ಲ ಆಗುವುದಿಲ್ಲ ಎಂದು ಅವಳ ಓದಿಗೆ ಗೊತ್ತಿತ್ತು. ಅವಳ ದಿಗಿಲಿಗೆ ಗೊತ್ತಿರಲಿಲ್ಲ. ಈಗ ಡಾಕ್ಟರು ಕೇಳಿದ ಪ್ರಶ್ನೆಯನ್ನೂ ಅವಳು ಹಂಸಳ ಕೈಯಲ್ಲೇ ಕೊಟ್ಟು ಕಳಿಸಿದಳು.

"ಸುಮ್ನೆ ಮಾತಿಗೆ ಮಾತು ಬಂದ ಹಾಗೆ ಕೇಳು ಹಂಸ. ನನ್ನ ಹೆಸರು ಬರಬಾರದು."

"ಅತ್ತಿಗೆ, ನನ್ನೇನು ಸಿಐಡಿ ಮಾಡಿದೀರಾ?" ಎಂದಳು ಹಂಸ. ಎರಡು ದಿನ ಬಿಟ್ಟು ಉತ್ತರ ತಂದಳು. "ಕೇಳ್ದೆ. ನಮ್ಮನೇ ಮಕ್ಕಳೆಲ್ಲ ಬಜೆ ತಿಂದು ಗಂಟೆ ಹೊಡೆದ ಹಾಗೆ ಮಾತಾಡಿದ್ವು ಅಂದ್ರು ಅಮ್ಮ."

ಅಲ್ಲಿಗೆ ಆಯಿತು. ಎರಡು ಕಡೆಯಲ್ಲೂ ಯಾರೂ ಇಲ್ಲ. ಡಾಕ್ಟರಿಗೆ ಹಾಗೇ ಹೇಳಬೇಕು, ಅವರು ಮೈಸೂರಿಗೆ ಬರೆದುಕೊಡುತ್ತಾರೆ. ಶರ್ವಾಣಿ ಅವತ್ತು ಮಗುವಿಗೆ ಊಟ ಮಾಡಿಸುತ್ತಾ ಒಂದೊಂದು ತುತ್ತಿಗೂ "ಅನ್ನ ಅನ್ನು, ಪುಟ್ಟಿ, ಅನ್ನ" ಅಂದಳು. ನಿಸರ್ಗ ಬಾಯಿ ತೆರೆದಳು, ತಿಂದಳು, ಅಮ್ಮನ ಕೆನ್ನೆಗೆ ತುಪ್ಪದ ಕೈ ಒರೆಸಿ ನಕ್ಕಳು.

ಮನೆಯ ಚಿಂತೆ ಹೀಗಿದ್ದರೂ ಕೆಲಸ ಬಿಡುವಂತಿರಲಿಲ್ಲ. ಹಾಸನದ ಒಂದು ರೈತರ ಸಹಕಾರ ಸಂಘದಲ್ಲಿ ಅವಳಿಗೆ ಕೆಲಸ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಸಂಘದ ಶಾಖೆಗಳಿದ್ದವು. ಬಿತ್ತನೆ ಆಲೂಗೆಡ್ಡೆ, ಗೊಬ್ಬರ ಎಲ್ಲದರ ಬಿಲ್ಲೂ ಇನ್ನು ಮುಂದೆ ಹಾಸನದ ಕಂಪ್ಯೂಟರಿನಿಂದಲೇ ಹೊರಡಬೇಕೆಂದು ತೀರ್ಮಾನವಾಗಿತ್ತು. ಅದಕ್ಕಾಗಿ ಒಂದೊಂದು ಶಾಖೆಯ ಮೂಲೆಯಲ್ಲಿ ಒಂದೊಂದು ರೂಟರ್, ಅವುಗಳ ನಡುವೆ ಬಾಡಿಗೆಗೆ ಪಡೆದ ಲೈನು. ಯಾವ ಸುದ್ದಿ ಯಾವ ಹಾದಿಯಲ್ಲಿ ಹೋಗಬೇಕೆಂದು ತೀರ್ಮಾನಿಸುವುದು ಆ ರೂಟರ್ ಎಂಬ ಪೆಟ್ಟಿಗೆಯ ಕೆಲಸ. ಅದಕ್ಕೆ ಓಎಸ್‌ಪಿಎಫ್ ಎಂಬ ಕಟ್ಟಳೆ ಕಲಿಸುವುದು ಶರ್ವಾಣಿಯ ಕೆಲಸ.

ಆ ಕಟ್ಟಳೆ ಅವಳ ಸ್ವಭಾವಕ್ಕೆ ಚೆನ್ನಾಗಿ ಒಗ್ಗಿತ್ತು. ಸಂಘ ಪಡೆದಿದ್ದ ಲೈನುಗಳಲ್ಲಿ ಪೆಟ್ಟಿಗೆಗಳು ತಾವಾಗಿ ಒಂದನ್ನೊಂದು ಕಂಡುಕೊಳ್ಳುತ್ತಿರಲಿಲ್ಲ. ಇಂಥವನು ನಿನ್ನ ನೆರೆಯವನು ಎಂದು ಒಂದೊಂದರ ವಿಳಾಸವನ್ನೂ ಕೈಯಾರೆ ಬರೆದು ಹೇಳಬೇಕು. ಹೇಳಿದ ಮೇಲೆ ಅವು ಅರ್ಧ ನಿಮಿಷಕ್ಕೊಮ್ಮೆ ಪರಸ್ಪರ ಹಲೋ ಅನ್ನುತ್ತವೆ. ನಾಲ್ಕು ಹಲೋ ಕಳೆಯುವಷ್ಟು ಹೊತ್ತು ಆ ಕಡೆಯಿಂದ ಸದ್ದಿಲ್ಲದಿದ್ದರೆ ನೆರೆಯವನು ಹೋದನೆಂದು ತಿಳಿದು ಬೇರೆ ದಾರಿ ಹುಡುಕುತ್ತವೆ. ಎರಡು ದಾರಿ ಇದ್ದರೆ ಭಾರ ಕಡಿಮೆ ಇರುವ ಕಡೆ ಹೋಗುತ್ತವೆ. ಆ ಭಾರಕ್ಕೆ ಅವರ ಕಸುಬಿನಲ್ಲಿ ಕಾಸ್ಟ್ ಎಂದು ಹೆಸರು. ಪೆಟ್ಟಿಗೆ ಲೈನಿನ ಅಗಲ ನೋಡಿ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಆದರೆ ಮನುಷ್ಯರು ಒಂದು ಅಂಕಿ ಬರೆದರೆ ತನ್ನ ಲೆಕ್ಕ ಬಿಟ್ಟು ಅವರ ಮಾತು ಕೇಳುತ್ತದೆ.

ಜೂನ್ ತಿಂಗಳ ಮೊದಲಲ್ಲಿ ಚನ್ನರಾಯಪಟ್ಟಣದ ಪೆಟ್ಟಿಗೆ ಸೇರುವುದೊಂದು ಬಾಕಿ ಇತ್ತು. ಅಲ್ಲಿನ ಗುಮಾಸ್ತೆ ನೀಲಾಂಬಿಕೆ ಮೂರು ಮಕ್ಕಳನ್ನು ಸಾಕಿ ದೊಡ್ಡವರನ್ನು ಮಾಡಿದ ಗಟ್ಟಿ ಹೆಂಗಸು. ಬೆಳಗಿನಿಂದ ಫೋನಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ಶರ್ವಾಣಿ.

"ದೀಪ ಏನಾಗಿದೆ ನೀಲಾಂಬಿಕೆಯವರೇ?"

"ಹಸಿರಾಗೇ ಇದೆ ಕಣಮ್ಮ. ಕಣ್ಣು ಹೊಡೀತಾ ಕೂತಿದೆ."

"ಇಲ್ಲಿ ನಿಮ್ಮ ಪೆಟ್ಟಿಗೆ ಕಾಣಿಸ್ತಾನೇ ಇಲ್ಲ."

"ಇಲ್ಲೇ ಇದೀವಲ್ಲಮ್ಮ, ನಾವೆಲ್ಲಿಗೆ ಹೋಗಣ?"

ವಿಳಾಸ ಸರಿಯಾಗಿತ್ತು, ಲೈನೂ ಸರಿಯಾಗಿತ್ತು. ಬಹಳ ಹೊತ್ತು ಹುಡುಕಿದ ಮೇಲೆ ಶರ್ವಾಣಿಗೆ ತಪ್ಪು ಸಿಕ್ಕಿತು. ಹಿಂದಿನ ವಾರ ಅವಳೇ ಹಾಸನದ ತುದಿಯಲ್ಲಿ ಚನ್ನರಾಯಪಟ್ಟಣದ ಹಲೋವನ್ನು ಅರ್ಧ ನಿಮಿಷದಿಂದ ಹತ್ತು ಸೆಕೆಂಡಿಗೆ ಇಳಿಸಿದ್ದಳು. ಲೈನು ಹೋದರೆ ಬೇಗ ತಿಳಿಯಲಿ ಎಂಬ ಆತಂಕ. ಆ ತುದಿ ಇನ್ನೂ ಅರ್ಧ ನಿಮಿಷದಲ್ಲೇ ಇತ್ತು. ಎಷ್ಟು ಹೊತ್ತಿಗೊಮ್ಮೆ ಮಾತಾಡಿಸಬೇಕು ಅನ್ನುವುದರಲ್ಲಿ ಇಬ್ಬರಿಗೂ ಒಪ್ಪಂದವಿಲ್ಲದಿದ್ದರೆ ಆ ಪೆಟ್ಟಿಗೆಗಳು ಎಷ್ಟು ಕೂಗಿದರೂ ಒಂದನ್ನೊಂದು ನೆರೆಯೆಂದು ಒಪ್ಪುವುದಿಲ್ಲ.

ವಿಷಯ ತಿಳಿದ ನೀಲಾಂಬಿಕೆ ಫೋನಿನಲ್ಲೇ ಗೊಳ್ಳೆಂದರು. "ಮಗೂನ ವಿಚಾರಿಸ್ಕೊಳ್ಳೋ ಹಂಗೇ ಮಾಡಿದೀರ ಬಿಡಿ! ಅದಕ್ಕೂ ಉಸಿರಾಡಕ್ಕೆ ಬಿಡಿ ಸ್ವಲ್ಪ."

ಶರ್ವಾಣಿಯೂ ನಕ್ಕು ಮತ್ತೆ ಅರ್ಧ ನಿಮಿಷ ಬರೆದಳು. ನೋಡುತ್ತಿದ್ದಂತೆ ಚನ್ನರಾಯಪಟ್ಟಣದ ವಿಳಾಸ ಪರದೆಯ ಮೇಲೆ ಮೂಡಿತು. ನಾಲ್ಕು ಊರೂ ಕೂಡಿದವು. ಮುಂದಿನ ಸೋಮವಾರದಿಂದ ಎಲ್ಲ ಕಡೆಯೂ ಹೊಸ ಬಿಲ್ಲು ಶುರುವಾಯಿತು.

ಅದೇ ಸೋಮವಾರ ಹೊಳೆನರಸೀಪುರದ ಶಾಖೆಯಿಂದ ರಂಗಸ್ವಾಮಿಯ ಫೋನು. ಹೊಲ ಮನೆ ಇದ್ದ ಕುಳ, ಗೊಬ್ಬರದ ಕೌಂಟರಿನಲ್ಲಿ ಕೂರುತ್ತಿದ್ದ.

"ಮೇಡಂ, ಬಿಲ್ಲು ಬರೋ ಒತ್ಗೆ ಜನ ಒಲಕ್ ಓಗಿ ಉತ್ಬುಟ್ಟು ಬತ್ತಾವ್ರೆ."

"ಅಷ್ಟು ನಿಧಾನನಾ?"

"ನಿದಾನ ಅಂದ್ರೆ? ಒಬ್ರು ಗೌಡ್ರು ಇಲ್ಲೇ ಮೂಟೆ ಮ್ಯಾಲೆ ಕುಂತು ನಿದ್ದೆ ಒಡೀತಾವ್ರೆ. ಎಬ್ಬುಸ್ಲೋ ಬ್ಯಾಡ್ವೋ ಗೊತ್ತಾಯ್ತಿಲ್ಲ."

ಉಳಿದ ಕಡೆಯೆಲ್ಲ ಬಿಲ್ಲು ಚಕಚಕನೆ ಬರುತ್ತಿತ್ತು. ಹೊಳೆನರಸೀಪುರಕ್ಕೆ ಏನಾಯಿತು? ಶರ್ವಾಣಿ ಹಾಸನದಿಂದ ಅಲ್ಲಿಗೆ ಸುದ್ದಿ ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಹಿಂಬಾಲಿಸಿ ನೋಡಿದಳು. ಪರದೆಯ ಮೇಲೆ ಹೊಳೆನರಸೀಪುರಕ್ಕೆ ಮೊದಲು ಇನ್ನೊಂದು ವಿಳಾಸ ಬಂತು. ಅರಕಲಗೂಡು.

ಹಾಸನದಿಂದ ಹೊಳೆನರಸೀಪುರಕ್ಕೆ ಅಗಲವಾದ ನೇರ ಲೈನಿತ್ತು. ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಇದ್ದದ್ದು ಕಾಲುಹಾದಿಯಂಥ ಕಿರಿದಾದ ಲೈನು. ನೇರದ್ದು ಕೆಟ್ಟಾಗ ಕಷ್ಟಕಾಲಕ್ಕೆ ಇರಲಿ ಎಂದು ಇಟ್ಟದ್ದು. ಎಲ್ಲ ಬಿಲ್ಲೂ ಈಗ ಆ ಕಾಲುಹಾದಿಯಲ್ಲಿ ಒಂದರ ಹಿಂದೊಂದು ನುಸುಳುತ್ತಿತ್ತು. ನೇರ ಲೈನು ಸತ್ತಿದೆಯೇನೋ ಎಂದುಕೊಂಡು ನೋಡಿದರೆ ಅದು ಗಟ್ಟಿಯಾಗಿಯೇ ಇತ್ತು. ಅರ್ಧ ನಿಮಿಷಕ್ಕೊಮ್ಮೆ ಆ ಕಡೆಯಿಂದ ಹಲೋ ಬರುತ್ತಿತ್ತು, ಈ ಕಡೆಯಿಂದ ಹೋಗುತ್ತಿತ್ತು. ಹಲೋ ಬಿಟ್ಟು ಬೇರೇನೂ ಅದರ ಮೇಲೆ ಓಡಾಡುತ್ತಿರಲಿಲ್ಲ.

ಪೆಟ್ಟಿಗೆಯೊಳಗೆ ತಾನು ಬರೆದಿದ್ದನ್ನು ಸಾಲುಸಾಲಾಗಿ ಓದಿದಳು. ನೇರ ಲೈನಿನ ಎದುರು ದೊಡ್ಡದೊಂದು ಕಾಸ್ಟ್ ಇತ್ತು. ಅವಳೇ ಬರೆದದ್ದು. ಹೋದ ಮಳೆಗಾಲದಲ್ಲಿ ರಸ್ತೆ ಅಗೆಯುವವರು ದಿನ ಬಿಟ್ಟು ದಿನ ಕೇಬಲ್ ಕತ್ತರಿಸುತ್ತಿದ್ದರು. ಬೆಳಿಗ್ಗೆ ಬಂದ ಲೈನು ಮಧ್ಯಾಹ್ನ ಹೋಗುವುದು, ಸಂಜೆ ಬರುವುದು. ಈ ಹಾದಿ ನಂಬಿಕೆಗೆ ತಕ್ಕದ್ದಲ್ಲ ಎಂದು ಸಿಟ್ಟಿನಲ್ಲಿ ಅದರ ಮೇಲೆ ಭಾರ ಹೇರಿ, ಎಲ್ಲವನ್ನೂ ಅರಕಲಗೂಡಿನ ಕಡೆ ತಿರುಗಿಸಿದ್ದಳು. ದೀಪಾವಳಿಗೆ ಮೊದಲೇ ರಸ್ತೆ ಕೆಲಸ ಮುಗಿದು ಕೇಬಲ್ ಭದ್ರವಾಗಿತ್ತು. ಹೇರಿದ ಭಾರ ಇಳಿಸುವುದು ಮರೆತಿತ್ತು. ಆಗ ಶಾಖೆಗಳ ನಡುವೆ ದಿನಕ್ಕೆ ಒಂದೆರಡು ಪಟ್ಟಿ ಹೋಗುತ್ತಿದ್ದವು ಅಷ್ಟೆ, ಸುತ್ತು ದಾರಿ ಯಾರಿಗೂ ಸುತ್ತು ಅನ್ನಿಸಿರಲಿಲ್ಲ.

ಎರಡು ತುದಿಯಲ್ಲೂ ಆ ಅಂಕಿಯನ್ನು ಅಳಿಸಿದಳು. ಆಮೇಲೆ ಕೈಕಟ್ಟಿ ಕೂತಳು. ತುಸು ಹೊತ್ತಿಗೆ ಫೋನು.

"ಮೇಡಂ, ಏನ್ ಮಾಡುದ್ರಿ? ಕುದ್ರೆ ಆಗ್ಬುಡ್ತಲ್ಲ! ಗೌಡ್ರು ಎದ್ದು ಬಿಲ್ ಇಸ್ಕಂಡು ಓದ್ರು."

"ನೇರ ಲೈನಿಗೆ ತಿರುಗಿಸಿದೆ. ಇಷ್ಟು ದಿನ ಅರಕಲಗೂಡಿನ ಮೇಲೆ ಸುತ್ತಿಕೊಂಡು ಬರ್ತಿತ್ತು."

"ಯಾಕೆ, ನ್ಯಾರ ಲೈನು ಕೆಟ್ಟೋಗಿತ್ತಾ?"

"ಹೋದ ವರ್ಷ ಕೆಟ್ಟಿತ್ತು. ಅದು ಬೇಡ ಅಂತ ನಾನೇ ಹೇಳಿದ್ದೆ."

"ಸರೋಯ್ತಲ್ಲ ಆಮ್ಯಾಕೆ?"

"ಆಗಲೇ ಸರಿಹೋಯ್ತು."

"ಮತ್ತೆ ಯೋಳ್ಬಾರ್ದಾ ಮೇಡಂ ಅದ್ಕೆ, ಸರೋಗೈತೆ ಬಾ ಅಂತ? ಅದಾಗಿ ಅದೇ ಯೆಂಗ್ ಬತ್ತದೆ?"

ರಂಗಸ್ವಾಮಿ ಫೋನಿಟ್ಟ ಮೇಲೂ ಶರ್ವಾಣಿ ರಿಸೀವರ್ ಹಿಡಿದುಕೊಂಡೇ ಇದ್ದಳು. ಆಮೇಲೆ ಎದುರುಮನೆಗೆ ಮಾಡಬೇಕಾಗಿದ್ದ ಆ ಹೊತ್ತಿನ ಫೋನನ್ನೂ ಮಾಡದೆ ಕೆಳಗಿಟ್ಟಳು.

ಸಂಜೆ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಕೇದಾರ್ ತರಕಾರಿಗೆ ಹೋಗಿದ್ದ. ನಿಸರ್ಗಳನ್ನು ಸೊಂಟದ ಮೇಲಿಟ್ಟುಕೊಂಡು ಶರ್ವಾಣಿ ಫೋನಿನ ಮುಂದೆ ನಿಂತಳು. ಮೊದಲು ಹಂಸಳ ನಂಬರು ಬೆರಳಿಗೆ ಬಂತು, ಅರ್ಧಕ್ಕೇ ನಿಲ್ಲಿಸಿದಳು. ಇನ್ನೊಂದು ನಂಬರು ಗೋಡೆಯ ಕ್ಯಾಲೆಂಡರಿನ ಮೇಲೆ ಕೇದಾರ್‌ನ ಅಕ್ಷರದಲ್ಲಿತ್ತು. ಒಂದೊಂದೇ ಅಂಕಿ ನೋಡಿಕೊಂಡು ಒತ್ತಿದಳು. ಮಗು ಫೋನಿನ ಸುರುಳಿ ವೈರನ್ನು ಎಳೆದು ಎಳೆದು ಬಿಡುತ್ತಿತ್ತು.

"ಹಲೋ, ಯಾರು?"

"ಅತ್ತೆ, ನಾನು ಶರ್ವಾಣಿ."

ಆ ಕಡೆ ಟೀವಿ ಜೋರಾಗಿ ಕೂಗುತ್ತಿತ್ತು. ಅದರ ಮೇಲೆ ಗಾಬರಿಯ ದನಿ: "ಏನಮ್ಮಾ? ಕೇದಾರ ಎಲ್ಲಿ? ಮಗು ಹುಷಾರಾಗಿದೆ ತಾನೇ?"

"ಹುಷಾರಾಗಿದಾಳೆ, ಇಲ್ಲೇ ಇದಾಳೆ." ಶರ್ವಾಣಿ ಸೊಂಟದ ಮೇಲಿದ್ದ ಮಗುವನ್ನು ಮೇಲೆ ಸರಿಸಿಕೊಂಡಳು. "ಅತ್ತೆ, ಅವಳಿಗೆ ಇನ್ನೂ ಮಾತು ಬಂದಿಲ್ಲ."

"ಮುರಳೀ, ಟೀವಿ ಆರಿಸೋ," ಎಂದು ಶ್ರೀರಂಗಮ್ಮ ಕೂಗಿದ್ದು ಕೇಳಿಸಿತು. ಸದ್ದು ನಿಂತಿತು. "ಏನಂದೆ? ಒಂದೂ ಇಲ್ವಾ?"

"ಒಂದೂ ಇಲ್ಲ."

"ಹಂಸ ಒಂದು ಮಾತೂ ಹೇಳಲಿಲ್ಲವಲ್ಲ."

"ನಾನೇ ಹೇಳಬೇಡ ಅಂದಿದ್ದೆ. ನೀವು ಬಜೆ ವಿಷಯ ತೆಗೀತೀರ ಅಂತ."

ಬೈಯುತ್ತಾರೆಂದು ಶರ್ವಾಣಿ ಕಣ್ಣು ಮುಚ್ಚಿದಳು. ಕಿವಿಗೆ ಬಿದ್ದದ್ದು ಬೇರೆ.

"ಬಜೆಯಂತೆ ಬಜೆ! ನಿನ್ನ ಗಂಡನಿಗೆ ದಿನಾ ತೇಯ್ದು ತೇಯ್ದು ನನ್ನ ಬೆರಳು ಸವೀತು. ಮೂರು ತುಂಬೋವರೆಗೂ ಬಾಯಿ ಬಿಡಲಿಲ್ಲ ಕಣೇ ಆ ಮಹಾರಾಯ."

"ಯಾರು, ಇವರಾ?"

"ಇನ್ಯಾರು? ನಮ್ಮತ್ತೆ ಎಲ್ಲರ ಮುಂದೇನೇ ಮಗು ಮೂಗ ಅಂದುಬಿಟ್ಟರು. ನಾನು ಬಾವಿಕಟ್ಟೆ ಹತ್ರ ಹೋಗಿ ಅತ್ತು ಮುಖ ತೊಳ್ಕೊಂಡು ಬರ್ತಿದ್ದೆ. ಕೊನೆಗೆ ಬಂದ ಮಾತೇನು ಗೊತ್ತಾ? ಬಸ್ಸು. ಅಮ್ಮ ಅಂತ ಅನ್ನಬಾರದಾ? ಅರಕಲಗೂಡು ಬಸ್ಸು ಮನೆ ಮುಂದೆ ಹೋಯ್ತು, ಬಸ್ಸು ಅಂದ. ಆಮೇಲೆ ಇನ್ನಷ್ಟು ತಿಂಗಳು ಬರೀ ಬಸ್ಸೇ. ಈಗ ಕಾಲೇಜಲ್ಲಿ ಪಾಠ ಹೇಳ್ತಾನೆ."

ಶರ್ವಾಣಿ ನಗುವೂ ಅಳುವೂ ಒಟ್ಟಿಗೇ ಬಂದು ಗೋಡೆಗೆ ಒರಗಿಕೊಂಡಳು. "ಹಂಸ ಕೇಳಿದಾಗ ಎಲ್ಲಾರೂ ಗಂಟೆ ಹೊಡೆದ ಹಾಗೆ ಮಾತಾಡಿದ್ವು ಅಂದಿದ್ರಂತಲ್ಲ?"

"ಅವಳು ಕಿಸಿಕಿಸಿ ನಗ್ತಾ ಕೇಳಿದ್ಲು, ಬಜೆ ಹಾಕಿದ್ದಕ್ಕೆ ನಾವೆಲ್ಲ ಬೇಗ ಮಾತಾಡಿದ್ವಾಮ್ಮಾ ಅಂತ. ನೀವಿಬ್ಬರೂ ಸೇರಿ ನನ್ನ ಆಡ್ಕೋತಿದೀರ ಅಂದ್ಕೊಂಡೆ. ಸಿಟ್ಟು ಬಂತು, ಹಾಗಂದೆ. ನೀನು ಕೇಳಿದ್ದಿದ್ರೆ ನಿಜ ಹೇಳದೇ ಇರ್ತಿದ್ನಾ?"

"ಡಾಕ್ಟರು ಕೇಳಿದ್ದು ಅದನ್ನೇ ಅತ್ತೆ. ಮನೆತನದಲ್ಲಿ ಯಾರಾದ್ರೂ ಇದಾರಾ ಅಂತ."

"ಇದಾನೆ ಅಂತ ಹೇಳು, ನಿನ್ನ ಪಕ್ಕದಲ್ಲೇ ಇದಾನೆ ಅಂತ ಹೇಳು. ಆದರೂ ಮೈಸೂರಿಗೆ ಒಂದು ಸಲ ತೋರಿಸಿಬಿಡಿ, ನಿನ್ನ ಜೀವ ಸುಮ್ನಿರಲ್ಲ. ಬೇಕಾದ್ರೆ ನಾನೂ ಜೊತೆಗೆ ಬರ್ತೀನಿ."

"ಬನ್ನಿ ಅತ್ತೆ. ನಾಳೆನೇ ಬನ್ನಿ. ಬಂದು ಸ್ವಲ್ಪ ದಿನ ಇಲ್ಲೇ ಇರಿ."

"ಬರ್ತೀನಿ," ಎಂದರು ಶ್ರೀರಂಗಮ್ಮ. ಆಮೇಲೆ ದನಿ ತಗ್ಗಿಸಿ, "ಬಜೆ ತರಲ್ಲ ಬಿಡು," ಎಂದರು.

ಇಬ್ಬರೂ ನಕ್ಕರು. ನಿಸರ್ಗ ರಿಸೀವರ್ ಕಡೆ ಕೈ ಚಾಚಿ ಎಳೆಯತೊಡಗಿದಳು.

"ಕೈಗೆ ಕೊಡು ಅಂತಾಳೆ ಅತ್ತೆ."

"ಕೈಗೆ ಬೇಡ, ಬೀಳಿಸ್ತಾಳೆ. ಕಿವಿಗೆ ಇಡು."

ಶರ್ವಾಣಿ ರಿಸೀವರನ್ನು ಮಗುವಿನ ಕಿವಿಗೆ ಹಿಡಿದಳು. ಆ ಕಡೆಯಿಂದ ಅತ್ತೆ ಏನು ಹೇಳುತ್ತಿದ್ದಾರೋ ಅವಳಿಗೆ ಕೇಳಿಸಲಿಲ್ಲ. ನಿಸರ್ಗ ವೈರು ಎಳೆಯುವುದನ್ನು ಬಿಟ್ಟಳು, ಕಾಲಾಡಿಸುವುದನ್ನು ಬಿಟ್ಟಳು, ಬಾಯಿ ಅರ್ಧ ತೆರೆದು ಕೇಳುತ್ತಾ ಕೂತಳು. ಶರ್ವಾಣಿ ಕೈ ಸೋತರೂ ಬದಲಿಸದೆ ಹಾಗೇ ಹಿಡಿದು ನಿಂತಿದ್ದಳು.